ಒಂಬತ್ತೂವರೆ ಬಸ್ಸು

ಸಿಂಧನೂರಿನಿಂದ ರಾಯಚೂರಿಗೆ ಕೊನೆಯ ಬಸ್ಸು.
ಡ್ರೈವರ್ ಖಾಸೀಂಸಾಬರ ಸೀಟಿನ ಹಿಂದೆ
ನನ್ನ ಕಂದು ಲಕೋಟೆ,
ಮೇಲೆ ಕೆಂಪು ಶಾಯಿಯಲ್ಲಿ: ಸುದ್ದಿ, ತುರ್ತು.
ಅದಕ್ಕೆ ಟಿಕೆಟ್ಟಿಲ್ಲ. ಒಂದು ಕಪ್ಪು ಚಾ ಸಾಕಿತ್ತು.

ಒಂದು ರಾತ್ರಿ ರೊಟ್ಟಿ ಮುರಿಯುವಾಗ
ತಟ್ಟನೆ ಹೊಳೆಯಿತು:
ಕಾಲುವೆಗೆ ಬಿದ್ದು ಸತ್ತವನು
ಹೊಸಕ್ಯಾಂಪಿನ ಮೌನೇಶ ಅಲ್ಲ,
ಅವನ ಸಡ್ಡಕ.

ಪಕ್ಕದ ಮನೆಯ ಲೂನಾ, ತಳದಲ್ಲಿಷ್ಟು ಪೆಟ್ರೋಲು.
ಜವಳಗೇರಾ ದಾಟಿ
ಪೋತ್ನಾಳದಲ್ಲಿ ಸಿಕ್ಕಿತು ಬಸ್ಸು.
ಖಾಸೀಂಸಾಬರು ಒಳಗಿನ ದೀಪ ಹಾಕಿದರು.
ಬಿಸಿ ಬಾನೆಟ್ಟಿನ ಮೇಲೆ ಹಾಳೆಯಿಟ್ಟು
ಒಬ್ಬನನ್ನು ಬದುಕಿಸಿದೆ,
ಇನ್ನೊಬ್ಬನನ್ನು ಸಾಯಿಸಿದೆ.
ಜನ ಬೈದರು. ಬಸ್ಸು ಹೊರಟಿತು.

ಈಗ ಶಾಹೀನಾ, ನನ್ನ ಹತ್ತಿರವೇ ಕಲಿತವಳು,
ಕಾಲುವೆ ದಂಡೆಯಲ್ಲೇ ನಿಂತು ಫೋನು ಎತ್ತುತ್ತಾಳೆ.
ಹೆಣ ಇನ್ನೂ ಮೇಲೆ ಬಂದಿರುವುದಿಲ್ಲ,
ನಾಲ್ಕು ಸಾವಿರ ಮಂದಿ ನೋಡಿಯಾಗಿರುತ್ತದೆ.
ಚುರುಕು ಹುಡುಗಿ.
ಕಾಲುವೆ ಇಂಜಿನಿಯರ ಬಾಯಿಂದ
ನಾನು ಮೂರು ವಾರ ಅಲೆದು ತಂದ ಉತ್ತರವನ್ನು
ಮೂರು ನಿಮಿಷದಲ್ಲಿ ಕೀಳುತ್ತಾಳೆ, ಎಲ್ಲರ ಎದುರೇ.
ಹೊಟ್ಟೆಕಿಚ್ಚಿಲ್ಲವೆಂದರೆ ಸುಳ್ಳು.

ಮೊನ್ನೆ ಬಂದಳು, ಚಪ್ಪಲಿ ಬಿಡುವುದನ್ನೂ ಮರೆತು.
"ಸರ್, ಹೆಸರು ತಪ್ಪಾಗ್ಯಾದ.
ಅಳಿಸೀನಿ. ಆದ್ರ..."

"ಎಲ್ಲೀತನ ಹೋಗಿತ್ತು?"

ನನ್ನ ಲೂನಾದ ಕತೆ ಅವಳಿಗೆ ಬಾಯಿಪಾಠ.
"ಪೋತ್ನಾಳ ಯಾವಾಗೋ ದಾಟಿತ್ರೀ.
ಆ ಹುಡುಗನ ಅವ್ವ ದುಬೈಯಾಗ ಮನಿಕೆಲಸಕ್ಕದಾಳ.
ಅಲ್ಲೇ ನೋಡ್ಯಾಳ."

ದುಬೈಗೆ ಯಾವ ಲೂನಾ?

"ಅಳಿಸಿದ್ದನ್ನ ತಿರುಗಿ ಹಾಕು," ಅಂದೆ,
"ತಪ್ಪು ಬರದಿದ್ದೆ ಅಂತ
ನಿನ್ನ ಮುಖ ತೋರಿಸೇ ಹೇಳು.
ಮೊದಲು ಆ ಹುಡುಗನ್ನ ಹುಡುಕೋಣ,
ಅವ್ವನ ಜೊತಿ ಮಾತಾಡಲಿ."

ಅವಳ ಸ್ಕೂಟಿಯ ಹಿಂದೆ ಕೂತೆ.
ಜೇಬಿನಲ್ಲಿ, ಯಾಕೋ,
ಕೆಂಪು ಪೆನ್ನು.