ಎರಡು ನೀರು

ಸಿಪ್ಪೆ ತೆಗೆ, ತೆಳ್ಳಗೆ ಹೆಚ್ಚು.
ರಾತ್ರಿಯೆಲ್ಲ ನೆನೆಹಾಕಿ ಆ ನೀರು ಚೆಲ್ಲು,
ಹೊಸ ನೀರಲ್ಲಿ ಕುದಿಸಿ ಅದನ್ನೂ ಚೆಲ್ಲು.
ಆಮೇಲೆ, ಅರ್ಧ ಬಟ್ಟಲು. ಅಷ್ಟೇ.
ನರ್ಸಮ್ಮ ಬರೆದ ಚೀಟಿ
ಒಲೆಯ ಹಿಂದಿನ ಗೋಡೆಯಲ್ಲಿ ಆವಿಗೆ ಸುಕ್ಕಾಗಿದೆ.

ಎಲ್ ಆಲ್ತೊ ಸಂತೆಯಲ್ಲಿ ಮೂವತ್ತೊಂದು ವರ್ಷ
ಆಲೂಗಡ್ಡೆ ಮಾರಿದವಳು ನನ್ನ ಸೆಫೆರಿನಾ.
ಕಣ್ಣುಮುಚ್ಚಿ ಮುಟ್ಟಿದರೂ ಹೆಸರು ಹೇಳುವಳು:
ಇದು ಇಮಿಲ್ಯಾ, ಇದು ಪೂಮಾದ ಪಂಜ,
ಇದು, ಸಿಪ್ಪೆ ತೆಗೆಯಲು ಕೂತ ಸೊಸೆಯನ್ನು ಅಳಿಸುವ ಗಡ್ಡೆ.
ಈಗ ಅಳುವ ಸರದಿ ನನ್ನದು.

ವಾರಕ್ಕೆ ಮೂರು ದಿನ ಯಂತ್ರ ಅವಳ ನೆತ್ತರು ತೊಳೆಯುತ್ತದೆ.
ಮಿಕ್ಕ ನಾಲ್ಕು ದಿನ
ನಾನು ಆಲೂಗಡ್ಡೆ ತೊಳೆಯುತ್ತೇನೆ.

ಎಲೆಕೋಸು ತಿನ್ನು, ಸೌತೆ ತಿನ್ನು ಅಂದರೆ
ಮೂಲೆಯ ಗಿನಿ ಇಲಿಗಳತ್ತ ಕೈ ತೋರಿಸುತ್ತಾಳೆ:
"ಅವಕ್ಕೆ ಹಾಕು ಲಿಬೊರಿಯೊ, ಹಬ್ಬಕ್ಕೆ ಕೊಬ್ಬಲಿ."
ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಗೆ ಮಾತ್ರ ತಕರಾರಿಲ್ಲ.
ಸಿಪ್ಪೆ ಸುಲಿದು ಬೆರಳು ನೆಕ್ಕುತ್ತಾಳೆ,
ಉಪ್ಪಿಲ್ಲದ್ದು ಮರೆತವಳ ಹಾಗೆ.

ಈ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ,
ಗಡ್ಡೆ ಬೇಯುವುದಿಲ್ಲ.
ನಲವತ್ತು ವರ್ಷ ಲಾರಿ ಓಡಿಸಿದವನಿಗೆ
ಇದು ಗೊತ್ತಾಗಿದ್ದು ಹೋದ ಚಳಿಗಾಲ.

ಮೊದಲ ಸಲ ಬಡಿಸಿದಾಗ ಒಂದು ತುತ್ತು ಅಗಿದು ಅಂದಳು:
"ಇದು ಆಲೂಗಡ್ಡೆಯಲ್ಲ, ಆಲೂಗಡ್ಡೆಯ ಫೋಟೊ."
ಮರುದಿನ ಯಾಕೋ ಅಜ್ಜಿಯ ಸುದ್ದಿ ತೆಗೆದಳು.
ಜೂನ್ ತಿಂಗಳ ಹಿಮದಲ್ಲಿ
ಗಡ್ಡೆಗಳನ್ನು ಹುಲ್ಲಿನ ಮೇಲೆ ಹರಡಿ,
ಬೆಳಗ್ಗೆ ಬರಿಗಾಲಲ್ಲಿ ತುಳಿದು ತುಳಿದು ನೀರಿಳಿಸಿ,
ಹೊಳೆಯಲ್ಲಿ ವಾರಗಟ್ಟಲೆ ಮುಳುಗಿಸಿಟ್ಟು
ಬೆಳ್ಳಗೆ ಒಣಗಿಸುತ್ತಿದ್ದ ಅಜ್ಜಿ.
"ಅವಳು ಕಾಲಲ್ಲಿ ಮಾಡಿದ್ದನ್ನು ನೀನು ಕೈಯಲ್ಲಿ ಮಾಡ್ತಿದ್ದೀಯ.
ಆದರೆ ದಪ್ಪ ಹೆಚ್ಚುತ್ತೀಯ."
ಚಾಕು ಕಸಿದುಕೊಂಡು
ಒಂದು ಗಡ್ಡೆಯನ್ನು ಈರುಳ್ಳಿ ಪೊರೆಯಂತೆ ಸೀಳಿ
ಕಿಟಕಿಯ ಬೆಳಕಿಗೆ ಹಿಡಿದಳು.
ಆಚೆಯ ಬೆಟ್ಟ ಅದರೊಳಗೆ ಮಸುಕಾಗಿ ಕಂಡಿತು.

ಒಂದು ಮಾತು ಮಾತ್ರ ನಾವು ಆಡುವುದಿಲ್ಲ.
ಅವಳ ಪಾಲಿಗೆ ದಿನಕ್ಕೆ ನೀರು ಮೂರು ಲೋಟ.
ನಾನು ಚೆಲ್ಲುವುದು ಎರಡು ಪಾತ್ರೆ.
ಅವಳಿಗೆ ಕಾಣದಿರಲಿ ಎಂದು ಬೆನ್ನು ಅಡ್ಡ ಹಿಡಿದು
ಬಚ್ಚಲಿಗೆ ಮೆಲ್ಲಗೆ, ದಾರದ ಹಾಗೆ ಬಗ್ಗಿಸುತ್ತೇನೆ.

ನಿನ್ನೆ ಹಿಂದಿನಿಂದ ದನಿ ಬಂತು:
"ಜೋರಾಗಿ ಸುರಿಯೋ ಮಾರಾಯ.
ಸದ್ದಾದರೂ ಕೇಳಲಿ."