ಅರ್ಧ ಗ್ರಾಂ

ಕೊಚ್ಕೋರಿನ ಬಸ್ ನಿಲ್ದಾಣದಲ್ಲಿ
ಸೂರ್ಯಕಾಂತಿ ಬೀಜ ಲೋಟದಲ್ಲಿ ಅಳೆದು ಮಾರುವ ಹುಡುಗಿ
ನನ್ನ ಪೆಟ್ಟಿಗೆ ಎತ್ತಲು ಬಂದು, ಎತ್ತಲಾಗದೆ ನಕ್ಕು ಕೇಳಿದಳು:
"ಅಕ್ಕಾ, ಸರ್ಕಾರ ಸಂಬಳ ಕೊಟ್ಟು ಊರೂರು ಸುತ್ತಿಸುತ್ತದಂತೆ ನಿಮ್ಮನ್ನು.
ಆ ಕೆಲಸ ಸಿಗುವುದು ಹೇಗೆ?"

ಕೂತುಕೋ ಅಯ್‌ಪೆರಿ, ನರೀನಿನ ಬಸ್ಸು ತುಂಬದೆ ಹೊರಡುವುದಿಲ್ಲ.

ಮೊದಲು ನಿನ್ನ ಬೆರಳನ್ನೇ ನಂಬದಿರಲು ಕಲಿಯಬೇಕು.
ಈ ಹಿತ್ತಾಳೆ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ,
ಬೆವರಿಗೂ ತೂಕವಿದೆ.
ತೀರಾ ಸಣ್ಣವು ಕತ್ತರಿಸಿದ ಉಗುರಿನಂಥ ತಗಡುಗಳು,
ಚಿಮಟದಲ್ಲಿ ಎತ್ತುವಾಗ ಉಸಿರು ಹಿಡಿಯಬೇಕು.
ಒಮ್ಮೆ ಓಶ್‌ನಲ್ಲಿ ಸೀನಿಬಿಟ್ಟೆ.
ಎರಡು ಮಿಲಿಗ್ರಾಂ ಇಂದಿಗೂ ಆ ಒಣದ್ರಾಕ್ಷಿ ಅಂಗಡಿಯಲ್ಲಿದೆ,
ಇಲ್ಲವೇ ಯಾರೋ ತಿಂದಿದ್ದಾರೆ.

ಇಪ್ಪತ್ತೆರಡು ವರ್ಷವಾಯಿತು.
ಊರುಗಳೇನೋ ಗೊತ್ತು, ಹಿತ್ತಿಲ ಬಾಗಿಲಿನಿಂದ.
ಪ್ರವಾಸಿಗರು ಸರೋವರದ ಮುಂದೆ ಬಾಯಿಬಿಟ್ಟು ನಿಂತಿರುವಾಗ
ನಾನು ಉಣ್ಣೆ ಗೋದಾಮಿನಲ್ಲಿ ಮೊಣಕಾಲೂರಿ
ತಕ್ಕಡಿಯ ಹೊಟ್ಟೆಗೆ ಅಂಟಿಸಿದ ಆಯಸ್ಕಾಂತ ತಡಕುತ್ತಿರುತ್ತೇನೆ.
ಕರಕೋಲಿನ ಸೇಬು ತಿಂದದ್ದು ಕಮ್ಮಿ, ತೂಗಿದ್ದು ಲಾರಿಗಟ್ಟಲೆ.
ನನಗಿಂತ ಮೊದಲು ನನ್ನ ಸುದ್ದಿ ಬಂದಿಳಿದಿರುತ್ತದೆ:
ಆ ದಿನ ಸಂತೆಯಲ್ಲಿ ಎಲ್ಲರೂ ಸತ್ಯವಂತರು,
ಎಲ್ಲರ ಕೈಯಲ್ಲೂ ನನಗೊಂದು ಬಟ್ಟಲು ಚಹಾ.
ಕುಡಿಯುವಂತಿಲ್ಲ. ಚಹಾಕ್ಕೂ ತೂಕವಿದೆ.
ಇಲ್ಲ, ಸುಳ್ಳು ಹೇಳಿದೆ. ಒಂದೆರಡು ಸಲ ಕುಡಿದಿದ್ದೇನೆ.
ಚಳಿಯಿತ್ತು.

ಸೋಂಗ್‌ಕೋಲಿನ ಹುಲ್ಲುಗಾವಲಿಗೆ ಹತ್ತಿದರೆ
ಬಿಷ್ಕೆಕ್‌ನಲ್ಲಿ ಸರಿಯಿದ್ದ ಎಲೆಕ್ಟ್ರಾನಿಕ್ ತಕ್ಕಡಿ
ಕಿಲೋಗೆ ಅರ್ಧ ಗ್ರಾಂ ಕಮ್ಮಿ ತೋರಿಸುತ್ತದೆ.
ಯಾರೂ ಕದ್ದಿರುವುದಿಲ್ಲ.
ಅಷ್ಟು ಎತ್ತರದಲ್ಲಿ ನೆಲ ತನ್ನ ಹಿಡಿತವನ್ನು
ಅಷ್ಟೇ ಅಷ್ಟು ಸಡಿಲಿಸುತ್ತದೆ.
ಹೊಸಬಳಿದ್ದಾಗ ಹುಲ್ಲಲ್ಲಿ ಕೂತು ಲೆಕ್ಕ ಹಾಕಿದ್ದೆ,
ನಾನೀಗ ಮೂವತ್ತು ಗ್ರಾಂ ಹಗುರ.
ಕುದುರೆ ಹಾಲು ಕರೆಯುತ್ತಿದ್ದ ಮುದುಕ ತೊಕ್ತೊಸುನ್
ತಲೆಯೆತ್ತದೆ ಕೇಳಿದ: "ಅಷ್ಟಕ್ಕೆ ಇಷ್ಟು ದೂರ ಬಂದೆಯಾ?"
ಬಂದೆ. ಈಗಲೂ ಅಷ್ಟಕ್ಕೇ ಹೋಗುತ್ತೇನೆ.

ಅತ್‌ಬಾಶಿಯ ಕತೆ ಯಾರಿಗೂ ಹೇಳಿಲ್ಲ.
ಹೆರಿಗೆ ಆಸ್ಪತ್ರೆ. ಕೂಸು ತೂಗುವ ತಕ್ಕಡಿ.
ನನ್ನ ಪಾಲಿನ ಊರು ಅದು.
ಮೂರು ಚಳಿಗಾಲ ರಸ್ತೆ ಮುಚ್ಚಿತ್ತು,
ಕಾಗದದ ಮೇಲೆ ಮಾತ್ರ ನಾನು ಹೋಗಿ ಬಂದಿದ್ದೆ.

ಎರಡು ಕಿಲೋ ಬಟ್ಟು ಇಟ್ಟೆ.
ಎರಡು ಕಿಲೋ ನೂರ ಅರವತ್ತು ಅಂದಿತು.
ತೆಗೆದು ಇನ್ನೊಮ್ಮೆ ಇಟ್ಟೆ.
ಸೂಲಗಿತ್ತಿ ಬುರುಲ್ಚಾ ದಫ್ತರ ತೆರೆದು ಪುಟ ಹಿಂದಕ್ಕೆ ತಿರುವುತ್ತಾ ಹೋದಳು.
"ಇವನು ಎರಡೂವರೆ ಅಂತ ಮನೆಗೆ ಕಳಿಸಿದೆ.
ಇವಳನ್ನೂ.
ಇವಳನ್ನೂ."
ಬೆರಳು ಪ್ರತಿ ಹೆಸರಿನ ಮೇಲೂ ಒಂದು ಕ್ಷಣ ನಿಲ್ಲುತ್ತಿತ್ತು.
ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಕ್ಕಡಿ ಸರಿಮಾಡಿದ ಮೇಲೆ ಒಳಗಿನಿಂದ
ಆ ಬೆಳಿಗ್ಗೆ ಹುಟ್ಟಿದ ಕೂಸನ್ನು ತಂದು ಮಲಗಿಸಿದಳು.
ಅದು ಕಾಲು ಬಡಿಯಿತು, ಅಂಕಿಗಳು ಓಡಾಡಿದವು.
ಇಬ್ಬರೂ ಕಾದೆವು. ನನ್ನ ಕೈಗವಸಿನೊಳಗೆ ಬೆವರು.
ಎರಡು ಕಿಲೋ ಒಂಬೈನೂರ ನಲವತ್ತು.
ಪೆನ್ನು ನನ್ನ ಕಡೆ ಚಾಚಿದಳು: "ನೀನೇ ಬರಿ."

ಇನ್ನೊಬ್ಬರು ಬಂದರೆ ಬಸ್ಸು ಹೊರಡುತ್ತದಂತೆ, ಕೂಗುತ್ತಿದ್ದಾನೆ.
ಪೆಟ್ಟಿಗೆಯ ಆ ಕಡೆ ಹಿಡಿದುಕೋ, ಬೆನ್ನು ಬಾಗಿಸಬೇಡ, ಮೊಣಕಾಲು ಬಾಗಿಸು.
ಪರೀಕ್ಷೆಗೆ ಭೌತಶಾಸ್ತ್ರ ಓದಬೇಕು, ಸಂಬಳ ಕಮ್ಮಿ,
ಕಿಟಕಿ ಪಕ್ಕದ ಸೀಟು ಮಾತ್ರ ಬೇಕಾದಷ್ಟು.
ದಾರಿಗೆ ಎರಡು ಲೋಟ ಬೀಜ ಸುರಿ.
ಲೋಟದ ತಳ ಇಷ್ಟು ದಪ್ಪ ಯಾಕೆಂದು
ಬರುವಾಗ ಕೇಳುತ್ತೇನೆ.