ತಿರುಪಿನದು, ಪಿನ್ನಿನದು

ಮೇಜಿನ ದೀಪ ಆರಿ ನಾಲ್ಕು ದಿನ.
ಇಂಚರ ಹೇಳಲಿಲ್ಲ. ಹೇಳುವ ಪೈಕಿಯಲ್ಲ.
ಅಡುಗೆಮನೆ ಹೊಸ್ತಿಲಿಗೆ ಬಂದು ಕೂತು
ನನ್ನ ಟ್ಯೂಬ್‌ಲೈಟಿನಡಿ ಲೆಕ್ಕ ಮಾಡುತ್ತಿದ್ದಳು,
ಒಗ್ಗರಣೆ ಸಿಡಿದಾಗ ಪುಸ್ತಕ ಸರಿಸಿ.
ಹತ್ತಿರ ಬರುತ್ತಿದ್ದಾಳೆ ಅಂದುಕೊಂಡೆ.
ಐದನೇ ದಿನ ಅವಳ ಕೋಣೆ ಗುಡಿಸುವಾಗ ಗೊತ್ತಾಯಿತು,
ಬಂದದ್ದು ಬೆಳಕಿಗೆ.

ದೀಪ ಅವಳ ಜೊತೆ ಹರಿಹರದಿಂದ ಬಂದದ್ದು.
ಹಿತ್ತಾಳೆಯ ಕತ್ತು, ಹಸಿರು ಟೋಪಿ,
ತಳದಲ್ಲಿ ಉಗುರುಬಣ್ಣದಿಂದ ಬರೆದ ಎರಡು ಅಕ್ಷರ.
ಧೂಳು ಒರೆಸುವಾಗ
ಆ ಅಕ್ಷರಗಳ ಸುತ್ತ ಒರೆಸುತ್ತೇನೆ.

ಮನೆಯಲ್ಲಿ ಬಲ್ಬಿಗೆ ಬರವಿಲ್ಲ.
ಕೊಟ್ರೇಶ ಸೊಸೈಟಿಯಿಂದ ತಂದ ಹನ್ನೆರಡರ ಪೆಟ್ಟಿಗೆ,
ಹಳದಿ ಬೆಳಕು, ಎರಡು ವರ್ಷ ಗ್ಯಾರಂಟಿ,
ಎಲ್ಲವೂ ಪಿನ್ನಿನವು. ಒತ್ತಿ, ತಿರುವಿ, ಬಿಟ್ಟರೆ
ಕಚ್ಚಿಕೊಳ್ಳುತ್ತವೆ.
ದೀಪದ ಬಾಯಿ ತಿರುಪಿನದು,
ಒಳಗೆ ಬಾವಿಯ ಮೆಟ್ಟಿಲಿನಂತೆ ಸುತ್ತಿಳಿಯುವ ತಗಡು.
ಒತ್ತಿದೆ, ಓರೆ ಮಾಡಿದೆ,
ಹಲ್ಲು ಬರದ ಕೂಸಿಗೆ ಚಕ್ಕುಲಿ ಕೊಟ್ಟ ಹಾಗಾಯಿತು.

ಚೌಕಿಪೇಟೆಯ ಮೊದಲ ಅಂಗಡಿಯವ
ಪೂರ್ತಿ ಕೇಳದೆಯೇ ಹೇಳಿದ:
"ಹೊಸಾದು ತಗೊಳ್ರಿ ಅಕ್ಕಾರ, ಇನ್ನೂರೈವತ್ತಕ್ಕೆ
ಚಾರ್ಜಿಂಗಿಂದೇ ಬರ್ತತಿ."
ಎರಡನೆಯವನ ಬಳಿ ತಿರುಪಿನ ಬಲ್ಬಿತ್ತು,
ಬಿಳಿಯದು ಮಾತ್ರ, ಆಸ್ಪತ್ರೆ ವಾರ್ಡಿನ ಬಿಳಿ.
"ನಮ್ಮ ಹುಡುಗಿಗೆ ಬಿಳಿ ಆಗಂಗಿಲ್ಲ"
ಅಂದುಬಿಟ್ಟೆ.
ನಮ್ಮ ಹುಡುಗಿ.
ಅಂಗಡಿಯವನಿಗೇನೂ ಅನ್ನಿಸಲಿಲ್ಲ,
ಚಿಲ್ಲರೆ ಎಣಿಸುತ್ತಿದ್ದ.

ಮಂಡಿಪೇಟೆ ಮೂಲೆಯ ಜಬೀವುಲ್ಲಾ ಸಾಬರು
ಮಂಡಕ್ಕಿ ತಿನ್ನುತ್ತಿದ್ದ ಕೈ ಒರೆಸಿಕೊಂಡು
ಡಬ್ಬಿಯಿಂದ ಬೆರಳುದ್ದದ ಬಿಳಿ ತುಂಡು ತೆಗೆದರು.
"ಕನ್ವರ್ಟರು. ಮೂವತ್ತೈದು."
ಇಷ್ಟೇನಾ ಅಂತ ತಂದೆ.
ಮನೆಯಲ್ಲಿ ನೋಡಿದರೆ ಉಲ್ಟಾ:
ಬಾಲ ಪಿನ್ನಿನದು, ಬಾಯಿ ತಿರುಪಿನದು.
ದೀಪದವರಿಗೂ ಬಲ್ಬಿನವರಿಗೂ ಬೇಡವಾದ
ಮದುವೆ ದಲ್ಲಾಳಿಯ ಹಾಗೆ
ಅಂಗೈಯಲ್ಲಿ ಕೂತಿತು.

ಮರುದಿನ ಮಧ್ಯಾಹ್ನ ಮತ್ತೆ, ಉರಿಬಿಸಿಲಲ್ಲಿ,
ಈ ಸಲ ದೀಪವನ್ನೇ ಟವೆಲಿನಲ್ಲಿ ಸುತ್ತಿ ಎದೆಗವಚಿ
ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ನಿಂತೆ.
ಗೂಡ್ಸ್ ಗಾಡಿ. ಐವತ್ತೆಂಟು ಬೋಗಿ.
ಪಕ್ಕದ ಸ್ಕೂಟಿಯಾಕೆ ಟವೆಲು ನೋಡಿ
"ಎಷ್ಟು ತಿಂಗಳು?" ಅಂದಳು.
"ಹದಿಮೂರು ವರ್ಷ" ಅಂದೆ,
ಯಾಕೆ ಹಾಗಂದೆನೋ. ಗೇಟು ತೆರೆಯಿತು.

ಸಾಬರು ತಳದ ಅಕ್ಷರ ನೋಡಿದರು, ಏನೂ ಕೇಳಲಿಲ್ಲ.
ಕಿರುಬೆರಳು ಒಳಗಿಟ್ಟು ತಿರುಪು ಸವರಿದರು.
"ಬಾಲ ದೀಪದ್ದು ಇರಬೇಕು, ಬಾಯಿ ಬಲ್ಬಿಂದು.
ನೀವು ನಿನ್ನೆ ಬಲ್ಬಿನ ಕಡೆಯಿಂದ ಹೇಳಿದ್ರಿ,
ನಾನು ಗೋಡೆ ಕಡೆಯಿಂದ ಕೇಳಿಸ್ಕೊಂಡೆ."
ಹಳೆಯದನ್ನು ವಾಪಸು ತಗೊಳ್ಳಲಿಲ್ಲ.
"ಇಟ್ಕೊಳ್ರಿ, ಬಚ್ಚಲಿಗೆ ಬೇಕಾಗ್ತತಿ."

ರಾತ್ರಿ ಹತ್ತಿತು.
ಆದರೆ ಕನ್ವರ್ಟರಿನ ತುದಿಗೆ ಕೂತ ಬಲ್ಬು
ಟೋಪಿಯಿಂದ ಎರಡು ಬೆರಳು ಆಚೆ ಇಣುಕಿ
ನೇರ ಕಣ್ಣಿಗೆ ಹೊಡೆಯಿತು.
ಇಂಚರ ಮುಖ ಸಿಂಡರಿಸಿದಳು,
ಹೋದ ವರ್ಷದ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ
ಟೋಪಿಗೊಂದು ಅಂಚು ಕಟ್ಟಿದಳು,
ನನ್ನ ಹೊಲಿಗೆ ಪೆಟ್ಟಿಗೆಯ ದಾರ ತೆಗೆದು,
ಕೇಳದೆ.
ಕೇಳದೆ ತೆಗೆದದ್ದು ಇದೇ ಮೊದಲು.
ನಾನು ಒಲೆಯ ಕಡೆ ತಿರುಗಿ
ಉಪ್ಪು ಎರಡು ಸಲ ಹಾಕಿದೆ.

ಭಾನುವಾರ ಧೂಳಿಗೆಂದು ಬಿಚ್ಚಿದಾಗ
ಆ ಉಲ್ಟಾ ತುಂಡನ್ನು ಸರಿಯಾದದ್ದರ ಬಾಯಿಗಿಟ್ಟು
ಒತ್ತಿ ತಿರುವಿದಳು. ಖಟ್.
ಬಾಲವೂ ತಿರುಪು, ಬಾಯಿಯೂ ತಿರುಪು.
ಎರಡು ಸೇರಿ ದೀಪದ ಹಳೆಯ ಬಾಯೇ ಮತ್ತೆ,
ಒಂದಿಷ್ಟು ಮುಂದೆ.
"ನೋಡಿಲ್ಲಿ, ಎಪ್ಪತ್ತು ರೂಪಾಯಿ ಕೊಟ್ಟು
ಇದ್ದಲ್ಲಿಗೇ ಬಂದೀವಿ" ಎಂದು ನಕ್ಕಳು.

ಕೊಟ್ರೇಶ ಪೇಪರಿನಿಂದ ತಲೆ ಎತ್ತಿ
"ಎಲ್ಲಿಗೆ ಹೋಗಿದ್ರಿ ಇಬ್ಬರೂ?" ಅಂದ.
ನಾನೂ ಹೇಳಲಿಲ್ಲ,
ಅವಳೂ.